ಎರಡು ಲೋಟ ಕಿತ್ತಳೆ ಜ್ಯೂಸ್, ಒಂದು ತಟ್ಟೆ ಹಸಿ ತರಕಾರಿ

ಪ್ರಶ್ನೆ: ನಮ್ಮದು ವಿರಾಜಪೇಟೆ ತಾಲ್ಲೂಕು. ಕಾಫಿ ತೋಟದ ನಡುವೆ ಇಪ್ಪತ್ತೈದು ಮೂವತ್ತು ಕಿತ್ತಳೆ ಗಿಡ ಉಳಿದಿವೆ. ಯಜಮಾನರಿಗೆ 52 ವರ್ಷ, ಬಿಪಿ ಮಾತ್ರೆ ತಗೊಳ್ಳುತ್ತಾರೆ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ, 6.2 ಬಂತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹತ್ತಿರದಲ್ಲಿದ್ದೀರಿ, ಊಟ ಸರಿ ಮಾಡಿಕೊಳ್ಳಿ ಅಂತ ಡಾಕ್ಟರ್ ಹೇಳಿದರು. ಅವತ್ತಿನಿಂದ ಬೆಳಗ್ಗೆ ರೊಟ್ಟಿ ಬಿಟ್ಟು ನಮ್ಮದೇ ತೋಟದ ಕಿತ್ತಳೆ ಜ್ಯೂಸ್ ಎರಡು ಲೋಟ ಕುಡಿಯುತ್ತಿದ್ದಾರೆ. ಸಕ್ಕರೆ ಒಂದು ಚಮಚವೂ ಹಾಕುವುದಿಲ್ಲ. ಮೈಸೂರಿನಲ್ಲಿ ಓದುತ್ತಿರುವ ಚಿಕ್ಕ ಮಗಳು, ಜ್ಯೂಸ್ ಬೇಡ, ಹಸಿ ತರಕಾರಿ ತಿನ್ನಿ, ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ ಅನ್ನುತ್ತಾಳೆ. ಅತ್ತೆಗೆ 78. ಹಸಿ ತರಕಾರಿ ವಾಯು, ಮಳೆಗಾಲದಲ್ಲಂತೂ ಮುಟ್ಟಲೇಬಾರದು ಅನ್ನುತ್ತಾರೆ. ದೊಡ್ಡ ಮಗಳ ಮಗು ಎರಡೂವರೆ ವರ್ಷದ್ದು, ತಾತನ ಲೋಟಕ್ಕೆ ಹಠ ಮಾಡುತ್ತದೆ. ಜ್ಯೂಸ್, ಹಸಿ ತರಕಾರಿ ಎರಡರಲ್ಲಿ ಯಾವುದು ಒಳ್ಳೆಯದು? ಯಾರ ಮಾತು ಕೇಳಲಿ?

ಉತ್ತರ: ಅಕ್ಕಾ, ನಿಮ್ಮ ಪತ್ರ ಓದಿ ಮೊದಲು ಅಡುಗೆಮನೆಗೆ ಹೋದೆ. ಶುಕ್ರವಾರ ಮಡಿಕೇರಿ ಸಂತೆಯಿಂದ ತಂದ ಕಿತ್ತಳೆ ಬುಟ್ಟಿಯಲ್ಲಿತ್ತು. ನಿಮ್ಮ ಯಜಮಾನರು ದಿನಾ ಮಾಡುವುದನ್ನೇ ನಾನೂ ಮಾಡಿ, ಒಂದೊಂದನ್ನೂ ತೂಗಿ ನೋಡಿದೆ.

ಐದು ಹಣ್ಣು, ಒಟ್ಟು 610 ಗ್ರಾಂ. ನಮ್ಮ ಕಿತ್ತಳೆಯ ಸಿಪ್ಪೆ ಸಡಿಲ ಅಲ್ವಾ, ಹೆಬ್ಬೆರಳು ಒತ್ತಿದರೆ ಸಾಕು, ತಾನಾಗಿ ಬಿಟ್ಟುಕೊಳ್ಳುತ್ತದೆ. ಸಿಪ್ಪೆಯೇ 150 ಗ್ರಾಂ ಬಂತು. ತೊಳೆಗಳನ್ನು ಪಾತ್ರೆಗೆ ಹಾಕಿ ಕೈಯಲ್ಲಿ ಕಿವುಚಿ, ತೆಳು ಬಟ್ಟೆಯಲ್ಲಿ ಹಿಂಡಿದೆ. ಸಿಕ್ಕಿದ್ದು ಒಂದು ಲೋಟ ಜ್ಯೂಸ್, 240 ಮಿ.ಲೀ. ಬಟ್ಟೆ ಬಿಚ್ಚಿದರೆ ತೊಳೆಯ ಪೊರೆ, ಬಿಳಿ ನಾರು, ಬೀಜ ಎಲ್ಲ ಸೇರಿ 200 ಗ್ರಾಂ ಹತ್ತಿರ ಚರಟ. ಇದನ್ನು ನಾವೆಲ್ಲ ಏನು ಮಾಡುತ್ತೇವೆ? ಗೊಬ್ಬರದ ಗುಂಡಿಗೆ ಎಸೆಯುತ್ತೇವೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಬಟ್ಟೆಯಲ್ಲೇ ಇದೆ.

ಆ ಐದು ಹಣ್ಣನ್ನು ತೊಳೆ ಸಮೇತ ತಿಂದಿದ್ದರೆ ಸುಮಾರು 8 ಗ್ರಾಂ ನಾರು ಹೊಟ್ಟೆಗೆ ಹೋಗುತ್ತಿತ್ತು. ಸೋಸಿದ ಲೋಟದಲ್ಲಿ ಅರ್ಧ ಗ್ರಾಂ ಉಳಿದಿದ್ದರೆ ಹೆಚ್ಚು. ದೊಡ್ಡವರಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ಹಣ್ಣಿನಲ್ಲಿದ್ದ ಸಕ್ಕರೆ ಮಾತ್ರ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ನೀರಿನ ಜೊತೆ ಲೋಟಕ್ಕೆ ಇಳಿದುಬಿಡುತ್ತದೆ. ಕಿತ್ತಳೆ ರಸದಲ್ಲಿ 100 ಮಿ.ಲೀ.ಗೆ ಹತ್ತಿರ ಹತ್ತಿರ 10 ಗ್ರಾಂ ಸಕ್ಕರೆ ಇರುತ್ತದೆ. ಒಂದು ಲೋಟಕ್ಕೆ 24 ಗ್ರಾಂ ಅಂದುಕೊಳ್ಳಿ. ಎರಡು ಲೋಟಕ್ಕೆ 48. ಚಹಾ ಚಮಚದ ಲೆಕ್ಕದಲ್ಲಿ ಒಂಬತ್ತು ಹತ್ತು ಚಮಚ. ಮೇಲಿನಿಂದ ಸಕ್ಕರೆ ಹಾಕಲಿಲ್ಲ ಅನ್ನುವುದು ನಿಜ. ಒಳಗೆ ಇರುವುದು ಎಲ್ಲಿಗೂ ಹೋಗಿಲ್ಲ. ಅಂಗಡಿಯ ಕೋಲಾದಲ್ಲಿ 100 ಮಿ.ಲೀ.ಗೆ ಹತ್ತು ಹನ್ನೊಂದು ಗ್ರಾಂ ಇರುತ್ತದೆ. ಕಿತ್ತಳೆ ರಸದಲ್ಲಿ ವಿಟಮಿನ್ ಸಿ, ಪೊಟ್ಯಾಸಿಯಂ, ಫೋಲೇಟ್ ಇವೆ, ಕೋಲಾದಲ್ಲಿ ಇಲ್ಲ. ಆದ್ದರಿಂದ ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಬರೀ ಸಕ್ಕರೆಯ ಲೆಕ್ಕದಲ್ಲಿ ಅವೆರಡರ ನಡುವೆ ದೂರ ತುಂಬಾ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಬಗ್ಗೆ ಒಂದು ಮಾರ್ಗಸೂಚಿ ತಂದಿತು. ಅದರಲ್ಲಿ ಹಣ್ಣಿನ ರಸದ ಸಕ್ಕರೆಯನ್ನು ಜೇನುತುಪ್ಪ, ಬೆಲ್ಲ, ಸಕ್ಕರೆಯ ಸಾಲಿಗೇ ಸೇರಿಸಿದ್ದಾರೆ. ಇಡೀ ಹಣ್ಣಿನ, ತರಕಾರಿಯ ಸಕ್ಕರೆಯನ್ನು ಆ ಸಾಲಿನಿಂದ ಹೊರಗಿಟ್ಟಿದ್ದಾರೆ. ಹಣ್ಣು ಅದೇ, ಸಕ್ಕರೆಯೂ ಅದೇ. ಹಿಂಡಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಹೀಗೆ ಬಿಡಿಯಾದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು, 50 ಗ್ರಾಂ ದಾಟಲೇಬಾರದು ಎನ್ನುವುದು ಸರಿಸುಮಾರು ಅದರ ಸಾರ. ನಿಮ್ಮ ಯಜಮಾನರು ಬೆಳಗ್ಗೆ ಎಂಟು ಗಂಟೆಗೇ 48 ಮುಟ್ಟಿದ್ದಾರೆ. ಆಮೇಲೆ ದಿನವಿಡೀ ಕಾಫಿಗೆ ಹಾಕುವ ಸಕ್ಕರೆ ಬೇರೆ.

ಹಿಂಡುವುದರಿಂದ ಯಾಕೆ ಇಷ್ಟು ವ್ಯತ್ಯಾಸ? 1977ರಲ್ಲಿ ಸೇಬಿನ ಮೇಲೆ ಒಂದು ಪ್ರಯೋಗ ನಡೆಯಿತು. ಅದು ನನಗೆ ತುಂಬಾ ಇಷ್ಟ, ಅಷ್ಟು ಸರಳವಾಗಿದೆ. ಒಂದೇ ಪ್ರಮಾಣದ ಸಕ್ಕರೆ ಬರುವಂತೆ ಕೆಲವರಿಗೆ ಇಡೀ ಸೇಬು, ರುಬ್ಬಿದ ಸೇಬು, ಸೇಬಿನ ಜ್ಯೂಸ್ ಹೀಗೆ ಬೇರೆ ಬೇರೆಯಾಗಿ ಕೊಟ್ಟರು. ಇಡೀ ಸೇಬು ತಿನ್ನುವುದಕ್ಕಿಂತ ಹನ್ನೊಂದು ಪಟ್ಟು ಬೇಗ ಜ್ಯೂಸ್ ಕುಡಿದು ಮುಗಿಯಿತು. ಹೊಟ್ಟೆ ತುಂಬಿದ ಹಾಗೆ ಅನಿಸಿದ್ದು ಸೇಬು ತಿಂದಾಗ. ಜ್ಯೂಸ್ ಕುಡಿದಾಗ ಇನ್ಸುಲಿನ್ ಹೆಚ್ಚು ಏರಿತು, ಆಮೇಲೆ ರಕ್ತದ ಸಕ್ಕರೆ ಹೆಚ್ಚು ಕೆಳಗಿಳಿಯಿತು. ಯಜಮಾನರಿಗೆ ಬೆಳಗ್ಗೆ ಹತ್ತು ಹತ್ತೂವರೆಗೆ ಹೊಟ್ಟೆ ಚುರುಗುಟ್ಟುತ್ತದಾ, ಬಿಸ್ಕತ್ತಿನ ಡಬ್ಬಿಗೆ ಕೈ ಹೋಗುತ್ತದಾ ಅಂತ ಒಮ್ಮೆ ಗಮನಿಸಿ. ಜ್ಯೂಸನ್ನೇ ತಿಂಡಿ ಮಾಡಿಕೊಂಡು ನನ್ನ ಹತ್ತಿರ ಬಂದವರಲ್ಲಿ ಬಹಳ ಜನ ಇದನ್ನೇ ಹೇಳಿದ್ದಾರೆ.

ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಕಿತ್ತಳೆ ಜ್ಯೂಸ್ ಅಂತ ಯಾರೂ ಮಾಡಿದ ನೆನಪಿಲ್ಲ. ಗಿಡದ ಬುಡದಲ್ಲಿ ಕೂತು ಸುಲಿಯುವುದು, ತಿನ್ನುವುದು. ಎರಡು ತಿನ್ನುವಷ್ಟರಲ್ಲಿ ಸಾಕಾಗುತ್ತಿತ್ತು. ಯಾರೂ ಒಂದೇ ಸಲಕ್ಕೆ ಹತ್ತು ಹಣ್ಣು ತಿನ್ನುತ್ತಿರಲಿಲ್ಲ. ಸುಲಿಯುವ ಕೈಗೆ, ಅಗಿಯುವ ಬಾಯಿಗೆ ಹಿಡಿಯುವ ಹೊತ್ತೇ ಅಳತೆ ಇಟ್ಟುಬಿಡುತ್ತಿತ್ತು. ಈಗ ಗ್ರೀನಿಂಗ್ ರೋಗ ಬಂದು ಎಷ್ಟೋ ತೋಟಗಳಲ್ಲಿ ಗಿಡವೇ ಇಲ್ಲ. 2006ರಲ್ಲಿ ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು, ಆದರೆ ಸಂತೆಯಲ್ಲಿ ಊರಿನ ಹಣ್ಣು ಹುಡುಕಿಕೊಂಡು ಹೋಗಬೇಕಾದ ಕಾಲ ಇದು. ನಿಮ್ಮಲ್ಲಿ ಮೂವತ್ತು ಗಿಡ ಉಳಿದಿದೆ ಅಂದರೆ ಅದು ಭಾಗ್ಯ. ಅದಕ್ಕೇ ಹೇಳುತ್ತಿದ್ದೇನೆ, ಕಿತ್ತಳೆ ಬಿಡಬೇಡಿ. ಹಿಂಡುವುದನ್ನು ಬಿಡಿ. ಸುಲಿದು, ಆ ಬಿಳಿ ನಾರನ್ನು ಪೂರ್ತಿ ಕೀಳದೆ, ತೊಳೆಯ ಪೊರೆ ಸಮೇತ ತಿನ್ನಲಿ. ಹೆಸ್ಪೆರಿಡಿನ್ ಎನ್ನುವ ಒಳ್ಳೆಯ ಅಂಶ, ಪೆಕ್ಟಿನ್ ಎನ್ನುವ ನಾರು ಎರಡೂ ಆ ಬಿಳಿ ಭಾಗದಲ್ಲೇ ಹೆಚ್ಚು. ದಿನಕ್ಕೆ ಒಂದು ಅಥವಾ ಎರಡು ಹಣ್ಣು ಅವರಿಗೆ ಧಾರಾಳ.

ಈಗ ಮಗಳ ಮಾತಿಗೆ ಬರೋಣ.

ಒಂದು ಕ್ಯಾರೆಟ್, ಅರ್ಧ ಸೌತೆಕಾಯಿ, ನಾಲ್ಕೈದು ಬಿಲ್ಲೆ ಮೂಲಂಗಿ, ಒಂದು ಟೊಮೆಟೊ ಹೆಚ್ಚಿದರೆ ತಟ್ಟೆ ತುಂಬಾ ಆಗುತ್ತದೆ, ಸುಮಾರು 290 ಗ್ರಾಂ. ಇಷ್ಟರಲ್ಲಿ ಸಕ್ಕರೆ ಏಳೆಂಟು ಗ್ರಾಂ, ನಾರು ಸುಮಾರು 4 ಗ್ರಾಂ, ಕ್ಯಾಲೊರಿ ಅರವತ್ತರ ಆಸುಪಾಸು. ಒಂದು ಲೋಟ ಜ್ಯೂಸಿನಲ್ಲಿ ಕ್ಯಾಲೊರಿ ನೂರು ದಾಟುತ್ತದೆ. ಸಕ್ಕರೆಯ ಅಂಚಿಗೆ ಬಂದವರಿಗೆ ಈ ತಟ್ಟೆಯೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಕ್ಯಾರೆಟ್ ಸಿಹಿ, ಶುಗರ್ ಇದ್ದವರಿಗೆ ಆಗಲ್ಲ ಅಂತ ಹೇಳುವವರಿದ್ದಾರೆ. 100 ಗ್ರಾಂ ಕ್ಯಾರೆಟ್ಟಿನಲ್ಲಿ ಸಕ್ಕರೆ ಐದು ಗ್ರಾಂಗಿಂತ ಕಡಿಮೆ. ಹೆದರಬೇಡಿ.

ಆದರೆ ಒಂದು ವಿಷಯದಲ್ಲಿ ಜ್ಯೂಸೇ ಮುಂದೆ, ಅದನ್ನು ಮುಚ್ಚಿಡಬಾರದು. ವಿಟಮಿನ್ ಸಿ. ನಮ್ಮ ಸಡಿಲ ಸಿಪ್ಪೆಯ ಕಿತ್ತಳೆಯ ಒಂದು ಲೋಟ ರಸದಲ್ಲಿ 70 ಮಿ.ಗ್ರಾಂ ಹತ್ತಿರ ಸಿಗುತ್ತದೆ. ಮೇಲೆ ಹೇಳಿದ ತರಕಾರಿ ತಟ್ಟೆಯಲ್ಲಿ 25 ಬಂದರೆ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ಗಂಡಸರಿಗೆ ದಿನಕ್ಕೆ 80 ಮಿ.ಗ್ರಾಂ, ಹೆಂಗಸರಿಗೆ 65 ಬೇಕು. ಸೌತೆಕಾಯಿ ಬಹುಪಾಲು ನೀರೇ, ನೂರರಲ್ಲಿ ತೊಂಬತ್ತೈದು ಪಾಲು. ಬಾಯಾರಿಕೆಗೆ ಚೆನ್ನ, ವಿಟಮಿನ್ ಸಿ ಕಡಿಮೆ. ಹಾಗಾಗಿ ತಟ್ಟೆಗೆ ಏನು ಹಾಕುತ್ತೀರಿ ಅನ್ನುವುದು ಮುಖ್ಯ. ಅರ್ಧ ಹಸಿರು ದೊಣ್ಣೆ ಮೆಣಸಿನಕಾಯಿ ಹೆಚ್ಚಿ ಹಾಕಿದರೆ ಅದರಲ್ಲೇ 40 ಮಿ.ಗ್ರಾಂ ಬಂತು. ಒಂದು ಹಿಡಿ ಎಲೆಕೋಸು ಸಣ್ಣಗೆ ಹೆಚ್ಚಿ ಸೇರಿಸಿದರೆ ಇನ್ನಷ್ಟು. ಹಿತ್ತಲಲ್ಲಿ ಸೀಬೆ ಮರ ಇದ್ದರೆ ಮಾತೇ ಬೇಡ. 100 ಗ್ರಾಂ ಸೀಬೆಯಲ್ಲಿ 200 ಮಿ.ಗ್ರಾಂಗೂ ಜಾಸ್ತಿ ವಿಟಮಿನ್ ಸಿ, ಜೊತೆಗೆ ಐದು ಗ್ರಾಂ ನಾರು. ಕಿತ್ತಳೆಗೆ ಸಿಗುವ ಮರ್ಯಾದೆ ಸೀಬೆಗೆ ಯಾಕೆ ಸಿಗಲಿಲ್ಲವೋ ನನಗೆ ಗೊತ್ತಾಗಿಲ್ಲ. ನಮ್ಮ ಮನೆಗಳಲ್ಲಿ ಅದು ಬಾವಲಿ, ಅಳಿಲಿನ ಪಾಲಾಗುತ್ತದೆ.

ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ ಅನ್ನುವ ಮಾತು ಪೂರ್ತಿ ಸರಿಯಲ್ಲ. ವಿಟಮಿನ್ ಸಿ ಮತ್ತು ಫೋಲೇಟ್ ಬಿಸಿಗೆ ಕಡಿಮೆಯಾಗುತ್ತವೆ, ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿದರೆ ಇನ್ನೂ ಕಡಿಮೆ. ಅಷ್ಟರಮಟ್ಟಿಗೆ ಮಗಳು ಸರಿ. ಆದರೆ ಕ್ಯಾರೆಟ್ಟಿನ ಕ್ಯಾರೊಟಿನ್ ಬಗ್ಗೆ ಅದು ಉಲ್ಟಾ. ನಮ್ಮ ದೇಹ ಕಣ್ಣಿಗೆ ಬೇಕಾದ ವಿಟಮಿನ್ ಎ ಮಾಡಿಕೊಳ್ಳುವುದು ಈ ಕ್ಯಾರೊಟಿನ್‌ನಿಂದ. ಅದು ತರಕಾರಿಯ ಗಟ್ಟಿ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತದೆ. ಹಸಿ ಕ್ಯಾರೆಟ್ ಕಚ್ಚಿ ತಿಂದರೆ ಸ್ವಲ್ಪ ಮಾತ್ರ ಬಿಡುಗಡೆ ಆಗುತ್ತದೆ. ತುರಿದರೆ ಇನ್ನಷ್ಟು, ಬೇಯಿಸಿದರೆ ಮತ್ತಷ್ಟು. ಟೊಮೆಟೊ ಕೆಂಪಿಗೆ ಕಾರಣವಾದ ಲೈಕೊಪಿನ್ ಕೂಡ ಹಾಗೇ, ಸಾರಿನಲ್ಲಿ ಕುದಿದರೆ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಇವೆರಡಕ್ಕೂ ಸ್ವಲ್ಪ ಕೊಬ್ಬು ಬೇಕು. ಎಣ್ಣೆ, ತುಪ್ಪ, ತೆಂಗಿನಕಾಯಿ ಏನೂ ಇಲ್ಲದೆ ಬರೀ ತರಕಾರಿ ತಿಂದರೆ ಕ್ಯಾರೊಟಿನ್ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ.

ಇಲ್ಲಿ ನಮ್ಮ ಕೋಸಂಬರಿಯನ್ನು ಸ್ವಲ್ಪ ನೋಡಿ. ನೆನೆಸಿದ ಹೆಸರುಬೇಳೆ, ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ಸೌತೆಕಾಯಿ, ತೆಂಗಿನ ತುರಿ, ಎಣ್ಣೆಯಲ್ಲಿ ಸಾಸಿವೆ ಒಗ್ಗರಣೆ, ಕೊನೆಗೆ ನಿಂಬೆರಸ. ಬೇಳೆಯಲ್ಲಿ ಪ್ರೊಟೀನು ಮತ್ತು ಕಬ್ಬಿಣದಂಶ. ಬೇಳೆಯ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ, ನಿಂಬೆಯ ವಿಟಮಿನ್ ಸಿ ಅದನ್ನು ಹತ್ತುವ ಹಾಗೆ ಮಾಡುತ್ತದೆ. ತುರಿದದ್ದರಿಂದ ಕ್ಯಾರೊಟಿನ್ ಬಿಡಿಸಿಕೊಂಡಿತು, ತೆಂಗು ಮತ್ತು ಒಗ್ಗರಣೆಯ ಎಣ್ಣೆ ಅದನ್ನು ಒಳಗೆ ಕರೆದುಕೊಂಡು ಹೋಯಿತು. ಯಾವ ಲ್ಯಾಬೂ ಇಲ್ಲದ ಕಾಲದಲ್ಲಿ ಇದನ್ನು ಇಷ್ಟು ಸರಿಯಾಗಿ ಜೋಡಿಸಿದ್ದಾರಲ್ಲ ಅಂತ ಪ್ರತಿ ಸಲ ಮನಸ್ಸು ತುಂಬಿ ಬರುತ್ತದೆ. ಮಗಳಿಗೆ ಸಲಾಡ್ ಬೇಕಿದ್ದರೆ ಅವಳಿಗೆ ಈ ಕೋಸಂಬರಿಯನ್ನೇ ಕೊಡಿ. ಸೌತೆಕಾಯಿ ಪಜ್ಜಿಯೂ ಒಳ್ಳೆಯದೇ. ಉಪ್ಪು ಮಾತ್ರ ಕೈ ಬಿಗಿ ಹಿಡಿದು ಹಾಕಿ, ಮನೆಯಲ್ಲಿ ಬಿಪಿ ಇದೆ.

ಒಂದು ವಿಷಯ ಸೇರಿಸಲೇಬೇಕು. ಕೋಸಂಬರಿ ತಿಂದ ಕೂಡಲೇ ಕಾಫಿ ಕುಡಿಯಬೇಡಿ. ಕಾಫಿ, ಚಹಾ ಎರಡೂ ಊಟದ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಈ ಮಾತು ಹೇಳುವುದು ಕಷ್ಟ, ಆದರೆ ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳನ್ನು ನೋಡಿ ನೋಡಿ ಹೇಳುತ್ತಿದ್ದೇನೆ. ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿದರೆ ಕಾಫಿಯೂ ಉಳಿಯಿತು, ಕಬ್ಬಿಣವೂ ಉಳಿಯಿತು.

ಇನ್ನು ನಿಮ್ಮ ಅತ್ತೆಯ ಮಾತು. ಅವರ ಮಾತನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. ಈ ಮೂವರಲ್ಲಿ ಅವರ ಮಾತಿಗೇ ನನ್ನ ಒಲವು ಸ್ವಲ್ಪ ಜಾಸ್ತಿ.

ವಾಯು ಅನ್ನುವುದು ನಿಜ. ಎಲೆಕೋಸಿನಂಥ ತರಕಾರಿಗಳಲ್ಲಿ ನಮ್ಮ ಸಣ್ಣ ಕರುಳು ಜೀರ್ಣಿಸಲಾರದ ಕೆಲವು ಸಕ್ಕರೆಗಳಿವೆ. ಅವು ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ತಿಂದು ಗಾಳಿ ಮಾಡುತ್ತವೆ. ವಯಸ್ಸಾದವರಿಗೆ, ಸರಿಯಾಗಿ ಅಗಿಯಲಾಗದವರಿಗೆ ತೊಂದರೆ ಜಾಸ್ತಿ. 78ರ ಹಲ್ಲಿಗೆ ಹಸಿ ಮೂಲಂಗಿ ಯಾಕೆ? ಅವರಿಗೆ ಕ್ಯಾರೆಟ್, ಬೀನ್ಸ್, ಕುಂಬಳ ಮೆತ್ತಗೆ ಬೇಯಿಸಿ ಪಲ್ಯ ಮಾಡಿ ಕೊಡಿ, ಬೆಂದ ನೀರು ಸಾರಿಗೆ ಹಾಕಿ. ಅವರು ಏನನ್ನೂ ಕಳೆದುಕೊಳ್ಳುವುದಿಲ್ಲ.

ಮಳೆಗಾಲದ ಮಾತು ಇನ್ನೂ ಮುಖ್ಯ. ಕಕ್ಕಡದ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟ್‌ನ ಜೋರು ಮಳೆಯಲ್ಲಿ, ತೋಡು ಹೊಳೆ ಎಲ್ಲ ಕೆಂಪು ನೀರು ತುಂಬಿಕೊಂಡು ಗದ್ದೆ, ಹಿತ್ತಲು, ಬಾವಿ ಕಟ್ಟೆ ಎಲ್ಲದರ ಮೇಲೂ ಹರಿದು ಹೋಗುತ್ತದೆ. ಸೊಪ್ಪಿನ ಬುಡದಲ್ಲಿ, ಕೋಸಿನ ಪದರದಲ್ಲಿ ಯಾವ ನೀರು ನಿಂತಿದೆಯೋ ಯಾರಿಗೆ ಗೊತ್ತು? ವಾಂತಿ ಭೇದಿ ತರುವ ಸೂಕ್ಷ್ಮಜೀವಿಗಳು ಹಸಿ ತರಕಾರಿಯ ಜೊತೆ ಒಳಗೆ ಬರುವುದು ಹೀಗೆ. ಅದಕ್ಕಿಂತ ಗಂಭೀರವಾದದ್ದು ಲಾಡಿಹುಳುವಿನ ಮೊಟ್ಟೆ. ಹಂದಿ ಮಾಂಸ ಸರಿಯಾಗಿ ಬೇಯದಿದ್ದರೆ ಲಾಡಿಹುಳು ಬರುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಪಂದಿ ಕರಿಯನ್ನು ನಾವು ಹೊತ್ತುಗಟ್ಟಲೆ ಬೇಯಿಸುತ್ತೇವೆ, ಅಲ್ಲಿ ಭಯ ಕಡಿಮೆ. ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಬೇರೆ ಇದೆ. ಆ ಹುಳು ಮಿದುಳಿನಲ್ಲಿ ಗಂಟಾಗಿ ಫಿಟ್ಸ್ ತರುವುದು ಮಾಂಸದಿಂದಲ್ಲ, ಮಲದಿಂದ ಹೊರಬಿದ್ದ ಮೊಟ್ಟೆಗಳು ಕೊಳೆ ನೀರು, ತೊಳೆಯದ ಕೈ, ತೊಳೆಯದ ಹಸಿ ತರಕಾರಿಯ ಮೂಲಕ ಹೊಟ್ಟೆ ಸೇರುವುದರಿಂದ. ಶುದ್ಧ ಸಸ್ಯಾಹಾರಿಗಳಿಗೂ ಅದು ಬರುತ್ತದೆ.

ಆದ್ದರಿಂದ ಹಸಿಯಾಗಿ ತಿನ್ನುವುದನ್ನು ಹರಿಯುವ ನೀರಿನಲ್ಲಿ, ಕೈಯಿಂದ ಉಜ್ಜಿ ತೊಳೆಯಿರಿ. ಸಿಪ್ಪೆ ತೆಗೆಯಬಹುದಾದದ್ದರ ಸಿಪ್ಪೆಯನ್ನು ತೊಳೆದ ಮೇಲೆ ತೆಗೆಯಿರಿ, ಮೊದಲು ತೆಗೆದರೆ ಪೀಲರ್ ಜೊತೆ ಕೊಳೆ ಒಳಕ್ಕೆ ಹೋಗುತ್ತದೆ. ಕೋಸಿನ ಹೊರಗಿನ ಎರಡು ಮೂರು ಎಲೆ ಕಿತ್ತು ಹಾಕಿ. ಉಪ್ಪು ನೀರಲ್ಲಿ ನೆನೆಸಿದರೆ ಹುಳ ಹೊರಗೆ ಬರಬಹುದು, ಅದರಿಂದ ಎಲ್ಲ ಸೂಕ್ಷ್ಮಜೀವಿಗಳು ಸಾಯುವುದಿಲ್ಲ. ಮೀನು, ಮಾಂಸ ಹೆಚ್ಚಿದ ಮಣೆಯಲ್ಲೇ ಸೌತೆಕಾಯಿ ಹೆಚ್ಚಬೇಡಿ. ಮತ್ತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು, ಕೋಸು ಹಸಿಯಾಗಿ ಬೇಡವೇ ಬೇಡ. ಆ ನಾಲ್ಕು ತಿಂಗಳು ಅತ್ತೆ ಹೇಳಿದ ಹಾಗೇ ನಡೆಯಲಿ.

ಹಸಿಯಾಗಿದ್ದರೆ ಎಲ್ಲವೂ ಒಳ್ಳೆಯದು ಅನ್ನುವ ಮಾತನ್ನು ಕೊಡಗಿನ ಅಡುಗೆಮನೆ ಯಾವತ್ತೂ ಒಪ್ಪಿಲ್ಲ. ಕಣಿಲೆಯನ್ನೇ, ಅಂದರೆ ಬಿದಿರಿನ ಎಳೆ ಮೊಳಕೆಯನ್ನೇ ತಗೊಳ್ಳಿ. ಹಸಿ ಬಿದಿರಿನ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಹೆಚ್ಚಿ, ನೀರಲ್ಲಿ ನೆನೆಸಿ, ನೀರು ಚೆಲ್ಲಿ, ಮತ್ತೆ ಬೇಯಿಸಿಯೇ ತಿನ್ನಬೇಕು. ನಮ್ಮ ಅಜ್ಜಿಯಂದಿರು ನೀರು ಬದಲಾಯಿಸಿ ಬದಲಾಯಿಸಿ ಇಡುತ್ತಿದ್ದದ್ದು ಅದಕ್ಕೇ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ, ಹಸಿ ಮುಟ್ಟಿದರೇ ತುರಿಸುತ್ತದೆ. ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕೆ. ತೋಡಿನ ಬದಿಯಲ್ಲಿ ಸಿಗುವ ತೆರ್ಮೆ ಸೊಪ್ಪು (ಒಂದು ಬಗೆಯ ಜರಿಗಿಡದ ಎಳೆ ಚಿಗುರು), ಕಾಡು ಅಣಬೆ ಇವೂ ಅಷ್ಟೇ, ಬೇಯಲೇಬೇಕು. ಮಗಳಿಗೆ ಇದನ್ನು ಹೇಳಿ.

ತರಕಾರಿಯನ್ನೇ ಜ್ಯೂಸ್ ಮಾಡಿ ಕುಡಿದರೆ ಹೇಗೆ ಅಂತ ಮುಂದೆ ನೀವು ಕೇಳಬಹುದು, ತುಂಬಾ ಜನ ಕೇಳುತ್ತಾರೆ. ಸಕ್ಕರೆ ಕಡಿಮೆ ಅನ್ನುವುದು ಬಿಟ್ಟರೆ ಕಥೆ ಅದೇ, ನಾರು ಬಟ್ಟೆಯಲ್ಲಿ ಉಳಿಯುತ್ತದೆ. ಸೋಸದೆ ಮಿಕ್ಸಿಯಲ್ಲಿ ರುಬ್ಬಿ ಕುಡಿದರೆ ನಾರು ಉಳಿಯುತ್ತದೆ, ಅದು ವಾಸಿ. ಸೋರೆಕಾಯಿ ಜ್ಯೂಸಿನ ಬಗ್ಗೆ ಮಾತ್ರ ಎಚ್ಚರಿಕೆ ಹೇಳಬೇಕು. ಹೆಚ್ಚಿದ ಕೂಡಲೇ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆದುಬಿಡಿ. ಆ ಕಹಿ ಕುಕರ್ಬಿಟಾಸಿನ್ ಎನ್ನುವ ವಿಷ. ಆರೋಗ್ಯಕ್ಕೆ ಒಳ್ಳೆಯದು ಅಂತ ಕಹಿಯನ್ನು ಸಹಿಸಿಕೊಂಡು ಕುಡಿದು ರಕ್ತ ವಾಂತಿಯಾಗಿ ಆಸ್ಪತ್ರೆ ಸೇರಿದವರು, ಜೀವ ಕಳೆದುಕೊಂಡವರು ನಮ್ಮ ದೇಶದಲ್ಲೇ ಇದ್ದಾರೆ. ಕಹಿ ಸೋರೆಕಾಯಿ ರಸ ಕುಡಿಯಬೇಡಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರೂ ಹೇಳಿದ್ದಾರೆ.

ಇನ್ನು ಅಂಗಡಿಯ ಡಬ್ಬಿ ಜ್ಯೂಸ್. 2024ರ ಜೂನ್‌ನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ, ಸಾಂದ್ರ ರಸಕ್ಕೆ ನೀರು ಸೇರಿಸಿ ಮಾಡಿದ ಜ್ಯೂಸಿನ ಮೇಲೆ "ನೂರಕ್ಕೆ ನೂರು ಹಣ್ಣಿನ ರಸ" ಅಂತ ಬರೆಯುವುದನ್ನು ತೆಗೆಯಿರಿ ಅಂತ ಕಂಪನಿಗಳಿಗೆ ಹೇಳಿತು. ಅಷ್ಟು ಸಾಕು. ಮನೆಗೆ ಬಂದ ನೆಂಟರಿಗೆ ನಾವು ಕೊಡುವ ಪ್ಯಾಶನ್ ಫ್ರೂಟ್ ಸ್ಕ್ವಾಶ್ ಕೂಡ ನೋಡಿ. ಸ್ಕ್ವಾಶ್ ಅಂತ ಕರೆಸಿಕೊಳ್ಳಲು ಹಣ್ಣಿನ ಅಂಶ ನೂರಕ್ಕೆ 25 ಇದ್ದರೆ ಸಾಕು, ಕರಗಿದ ಅಂಶ, ಅಂದರೆ ಬಹುಪಾಲು ಸಕ್ಕರೆ, 40 ಆದರೂ ಇರಬೇಕು. ಕಾಲು ಲೋಟ ಸ್ಕ್ವಾಶಿಗೆ ನೀರು ಬೆರೆಸಿ ಕೊಟ್ಟರೆ 20 ಗ್ರಾಂಗಿಂತ ಹೆಚ್ಚು ಸಕ್ಕರೆ ಕೊಟ್ಟ ಹಾಗೆ. ಬೇಲಿಯ ಮೇಲೆ ಹಬ್ಬಿದ ಬಳ್ಳಿಯಿಂದ ಹಣ್ಣು ಕಿತ್ತು, ಅರ್ಧ ಮಾಡಿ, ಬೀಜ ಸಮೇತ ಚಮಚದಲ್ಲಿ ತಿನ್ನುವುದಿದೆಯಲ್ಲ, ಅದು ಬೇರೆಯೇ ಮಾತು. ಆ ಕಪ್ಪು ಬೀಜ ಮತ್ತು ತಿರುಳಿನಲ್ಲಿ 100 ಗ್ರಾಂಗೆ ಹತ್ತು ಗ್ರಾಂ ನಾರು ಇದೆ.

ಜ್ಯೂಸ್ ಬೇಕಾದ ಹೊತ್ತೂ ಇದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತಗೊಳ್ಳುವವರಿಗೆ ರಕ್ತದ ಸಕ್ಕರೆ ದಿಢೀರ್ ಇಳಿದು ಕೈ ನಡುಗಿ ಬೆವರಿದಾಗ, ಅರ್ಧ ಲೋಟ ಜ್ಯೂಸ್ ಕೊಡಬೇಕು. ಬೇಗ ರಕ್ತಕ್ಕೆ ಸೇರುತ್ತದೆ ಅನ್ನುವ ದೋಷವೇ ಆಗ ಜೀವ ಉಳಿಸುತ್ತದೆ. ಆ ಹೊತ್ತಿನಲ್ಲಿ ಕ್ಯಾರೆಟ್ ಕೊಟ್ಟು ಪ್ರಯೋಜನ ಇಲ್ಲ. ಜ್ವರ ಬಂದು ಏನೂ ಸೇರದಾಗ, ಬಾಯಿ ಹುಣ್ಣಾಗಿ ಅಗಿಯಲಾಗದಾಗಲೂ ಸ್ವಲ್ಪ ಕೊಡಬಹುದು.

ಮೊಮ್ಮಗುವಿನ ವಿಷಯ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2017ರಲ್ಲಿ ಹೇಳಿದ್ದು, ಒಂದು ವರ್ಷದ ಒಳಗಿನ ಮಗುವಿಗೆ ಜ್ಯೂಸ್ ಬೇಡ, ಒಂದರಿಂದ ಮೂರು ವರ್ಷದವರಿಗೆ ಕೊಟ್ಟರೂ ದಿನಕ್ಕೆ 120 ಮಿ.ಲೀ. ದಾಟಬಾರದು. ನಾನಂತೂ ಅದೂ ಬೇಡ ಅನ್ನುತ್ತೇನೆ. ತೊಳೆ ಬಿಡಿಸಿ, ಬೀಜ ತೆಗೆದು, ಪೊರೆ ಸುಲಿದು ಸಣ್ಣ ತುಂಡು ಮಾಡಿ ಕೊಡಿ. ಮಗುವಿಗೆ ಹಸಿ ಕ್ಯಾರೆಟ್ ತುಂಡು ಮಾತ್ರ ಕೊಡಲೇಬೇಡಿ. ಗಟ್ಟಿ ಬಿಲ್ಲೆ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟುವ ಭಯ ನಾಲ್ಕು ವರ್ಷದವರೆಗೂ ಇರುತ್ತದೆ. ಬೇಯಿಸಿ ಮೆತ್ತಗೆ ಮಾಡಿ ಕೊಡಿ, ಇಲ್ಲ ನುಣ್ಣಗೆ ತುರಿದು ಅನ್ನಕ್ಕೆ ಕಲಸಿ. ತಾತ ಲೋಟ ಬಿಟ್ಟು ತೊಳೆ ತಿನ್ನಲು ಶುರು ಮಾಡಿದರೆ ಅದರ ಹಠವೂ ಅತ್ತಲೇ ತಿರುಗುತ್ತದೆ.

ಈಗ ಯಜಮಾನರ ತಟ್ಟೆ. ಅಕ್ಕಿ ರೊಟ್ಟಿ ಬಿಟ್ಟದ್ದು ಅಕ್ಕಿ ಕಡಿಮೆ ಮಾಡೋಣ ಅಂತ ಇರಬೇಕು, ಯೋಚನೆ ಒಳ್ಳೆಯದೇ. ಆದರೆ ಆ ಜಾಗಕ್ಕೆ ಅದಕ್ಕಿಂತ ಬೇಗ ಏರುವ ಸಕ್ಕರೆ ಬಂತು, ಪ್ರೊಟೀನು ಏನೂ ಇಲ್ಲದ ಹಾಗಾಯಿತು. ಬೆಳಗ್ಗೆ ಒಂದು ತೆಳು ರೊಟ್ಟಿ, ಜೊತೆಗೆ ಧಾರಾಳ ತರಕಾರಿ ಪಲ್ಯ, ಒಂದು ಮೊಟ್ಟೆ ಅಥವಾ ಒಂದು ಬಟ್ಟಲು ಕಾಳಿನ ಸಾರು ಇರಲಿ. ಹತ್ತೂವರೆಗೆ ತೋಟದಲ್ಲಿ ಹಸಿವಾದರೆ ಒಂದು ಕಿತ್ತಳೆ ಸುಲಿದು ತಿನ್ನಲಿ. ಮಧ್ಯಾಹ್ನ ಅನ್ನ ಬಡಿಸುವ ಮೊದಲೇ ಒಂದು ಬಟ್ಟಲು ಕೋಸಂಬರಿ ಮುಂದಿಡಿ, ಅದು ಮುಗಿದ ಮೇಲೆ ಅನ್ನ. ತರಕಾರಿ ಮೊದಲು, ಅನ್ನ ಆಮೇಲೆ ತಿಂದರೆ ಊಟದ ನಂತರ ಸಕ್ಕರೆ ಏರುವುದು ತಗ್ಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಅಂತ ಹೇಳಿದೆ. ಹಸಿ ಬೇಯಿಸಿದ್ದು ಎರಡೂ ಸೇರಿ ನಾನ್ನೂರು. ಹಾಗೆ ನೋಡಿದರೆ ಈಗ ಅವರ ಹಣ್ಣು ಜಾಸ್ತಿ, ತರಕಾರಿ ಕಡಿಮೆ.

ಬಿಪಿ ಮಾತ್ರೆಯ ಬಗ್ಗೆ ಒಂದು ಮಾತು. ಗ್ರೇಪ್‌ಫ್ರೂಟ್ ಎನ್ನುವ ಹಣ್ಣು ಕೆಲವು ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಿಬಿಡುತ್ತದೆ. ನಮ್ಮ ಹಿತ್ತಲಿನ ಚಕ್ಕೋತ ಅದರ ಹತ್ತಿರದ ಸಂಬಂಧಿ. ಆದ್ದರಿಂದ ಚಕ್ಕೋತ ತಿನ್ನುವ ಮೊದಲು ಮಾತ್ರೆಯ ಹೆಸರು ಡಾಕ್ಟರಿಗೆ ತೋರಿಸಿ ಕೇಳಿ. ನಮ್ಮ ಕಿತ್ತಳೆಗೆ ಆ ತೊಂದರೆ ಇಲ್ಲ. ಕಿಡ್ನಿ ತೊಂದರೆ ಇದೆ ಅಂತ ಯಾವತ್ತಾದರೂ ಹೇಳಿದರೆ ಈ ಎಲ್ಲ ಲೆಕ್ಕ ಬದಲಾಗುತ್ತದೆ, ಹಣ್ಣು ತರಕಾರಿಯ ಪೊಟ್ಯಾಸಿಯಂ ಅಳೆದು ತಿನ್ನಬೇಕಾಗುತ್ತದೆ.

ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ, ವಾರಕ್ಕೇ ಬದಲಾಗುವುದಿಲ್ಲ. ಇವತ್ತಿನಿಂದ ಮೂರು ತಿಂಗಳು ಜ್ಯೂಸ್ ನಿಲ್ಲಿಸಿ, ಹೀಗೆ ಉಣ್ಣಲಿ, ಸಂಜೆ ತೋಟದಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆಯಲಿ. ಆಮೇಲೆ ಅದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ವರದಿ ಬಂದ ದಿನ ಅದರ ಅಂಕಿ, ಅವರ ತೂಕ ಎರಡನ್ನೂ ನನಗೆ ಬರೆದು ಕಳಿಸಿ, ಮುಂದಿನದನ್ನು ಆಗ ನೋಡೋಣ.